ಎರಡನೇ ಗುಂಡಿ

ಪುಟ್ಟಿ,

ನಿನ್ನ ರೂಮಿನ ದೀಪ ಆರಿ ಒಂದು ಗಂಟೆಯ ಮೇಲಾಯಿತು. ನಿದ್ದೆ ಹತ್ತಿದೆಯೋ, ಸುಮ್ನೆ ಕಣ್ಣು ಮುಚ್ಚಿ ಮಲಗಿದ್ದೀಯೋ ಗೊತ್ತಿಲ್ಲ. ಎರಡು ಸಲ ಬಾಗಿಲ ತನಕ ಬಂದು ವಾಪಸ್ ಹೋದೆ. ತಟ್ಟಿದರೆ ಮತ್ತೆ ಅದೇ ಕೋಟಿನ ಮಾತು ಬರುತ್ತದೆ, ಮತ್ತೆ ನನ್ನ ದನಿ ಏರುತ್ತದೆ. ಬೆಳಗಾದರೆ ಇಂಟರ್ವ್ಯೂ ಇರುವವಳಿಗೆ ಅದೆಲ್ಲ ಬೇಡ. ಅದಕ್ಕೇ ಬರೆಯುತ್ತಿದ್ದೇನೆ. ಈ ಕಾಗದವನ್ನು ನಿನ್ನ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಡುತ್ತೇನೆ. ಹೊರಡುವ ಮುಂಚೆ ಓದು. ಮನಸ್ಸಿಲ್ಲದಿದ್ದರೆ ಬಂದ ಮೇಲೆ ಓದು.

ಕಳೆದ ಏಳು ತಿಂಗಳ ಬಗ್ಗೆ ಇಲ್ಲಿ ಏನೂ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು. ಸಂಜೆ ನಾನು ಆಡಿದ ಮಾತನ್ನೂ ಮತ್ತೆ ಬರೆಯಲಾರೆ. ಅದು ಬಾಯಿಂದ ಜಾರಿದ ತಕ್ಷಣ ನಿನ್ನ ಮುಖ ನೋಡಿದೆ. ತಪ್ಪು ನನ್ನದು. ಕೋಟನ್ನು ಮಂಚದ ಮೇಲೆ ಬಿಸಾಕಿ ಹೋದದ್ದಕ್ಕೆ ನಿನ್ನ ಮೇಲೆ ನನಗೇನೂ ಸಿಟ್ಟಿಲ್ಲ.

ಒಂದು ಕೋಟ್‌ಗೋಸ್ಕರ ಅಮ್ಮ ಯಾಕೆ ಹೀಗಾಡಿದಳು ಅಂತ ಅನಿಸಿರುತ್ತದೆ, ಅಲ್ವಾ? ಅದಕ್ಕೊಂದು ಕಾರಣ ಇದೆ. ಇದುವರೆಗೆ ಯಾರಿಗೂ ಹೇಳಿಲ್ಲ. ನಿನ್ನ ಅಪ್ಪನಿಗೂ ಹೇಳಿಲ್ಲ.

ಮೊದಲ ಇಂಟರ್ವ್ಯೂಗೆ ಹೋದಾಗ ನನಗೆ 22 ವರ್ಷ. ಹಾಕಿಕೊಂಡಿದ್ದು ಅಕ್ಕನ ಅಂಗಿ. ಹಿಂದಿನ ರಾತ್ರಿಯೇ ಇಸ್ತ್ರಿ ಮಾಡಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದೆ. ಆದರೆ ಅದನ್ನು ತೊಟ್ಟು ಒಂದು ಸಲವಾದರೂ ಕುಳಿತು ನೋಡಿರಲಿಲ್ಲ. ಕೈ ಎತ್ತಿಯೂ ನೋಡಿರಲಿಲ್ಲ. ಎದೆಯ ಹತ್ತಿರ ಸ್ವಲ್ಪ ಬಿಗಿ ಇತ್ತು, ಪರವಾಗಿಲ್ಲ ಅಂದುಕೊಂಡೆ. ಬಸ್ಸಿನಲ್ಲಿ ನೂಕುನುಗ್ಗಲು. ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದೆ. ಟಪ್ ಅಂತ ಸದ್ದಾಯಿತು. ಎರಡನೇ ಗುಂಡಿ ಕಿತ್ತು ಯಾರ ಕಾಲ ಸಂದಿಗೋ ಹೋಯಿತು. ಬಗ್ಗಿ ಹುಡುಕಲು ಜಾಗವೇ ಇರಲಿಲ್ಲ. ಬಿಳಿ ಗುಂಡಿ, ನಾಲ್ಕು ತೂತು, ಅಂಚಿನಲ್ಲಿ ಒಂದು ಕಡೆ ಚಕ್ಕೆ ಎದ್ದಿತ್ತು. ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ.

ಒಂದು ಪಿನ್ನು ಇದ್ದಿದ್ದರೆ ಸಾಕಿತ್ತು. ಇರಲಿಲ್ಲ. ಆ ಕಚೇರಿಯಲ್ಲಿ ಯಾರನ್ನಾದರೂ ಕೇಳಿದ್ದರೆ ಖಂಡಿತ ಕೊಡುತ್ತಿದ್ದರು. ಕೇಳಲು ನಾಚಿಕೆ. ಫೈಲನ್ನು ಎದೆಗೆ ಅವುಚಿಕೊಂಡು ಒಳಗೆ ಹೋದೆ. ಮೂವರು ಕುಳಿತಿದ್ದರು. ಮೊದಮೊದಲು ಸುಲಭದ ಪ್ರಶ್ನೆಗಳು, ಹೇಗೋ ಹೇಳಿದೆ. ಆಮೇಲೆ ಮಧ್ಯದಲ್ಲಿದ್ದವರು ಕೇಳಿದರು: "ಟ್ರಯಲ್ ಬ್ಯಾಲೆನ್ಸ್ ತಾಳೆಯಾದರೆ ಲೆಕ್ಕದಲ್ಲಿ ತಪ್ಪೇ ಇಲ್ಲ ಅಂತ ಅರ್ಥವಾ? ಒಂದು ಉದಾಹರಣೆ ಬೋರ್ಡಿನ ಮೇಲೆ ಬರೆದು ತೋರಿಸಿ."

ನನಗೆ ಉತ್ತರ ಗೊತ್ತಿತ್ತು ಕಣೇ. ಚೆನ್ನಾಗಿ ಗೊತ್ತಿತ್ತು. ಎಲ್ಲ ಖಾತೆಗಳನ್ನೂ ಪಟ್ಟಿ ಮಾಡಿ ಕೂಡಿದಾಗ ಡೆಬಿಟ್ಟು, ಕ್ರೆಡಿಟ್ಟು ಎರಡೂ ಕಡೆ ಮೊತ್ತ ಸಮ ಬಂದರೂ ತಪ್ಪು ಒಳಗೇ ಉಳಿದಿರಬಹುದು. ಒಂದು ವ್ಯವಹಾರವನ್ನು ಪುಸ್ತಕಕ್ಕೆ ಹತ್ತಿಸದೇ ಬಿಟ್ಟರೆ ಎರಡೂ ಕಡೆ ಅಷ್ಟೇ ಕಡಿಮೆಯಾಗುತ್ತದೆ, ತಾಳೆ ತಪ್ಪುವುದಿಲ್ಲ. ಯಂತ್ರ ಕೊಂಡ ಹಣವನ್ನು ರಿಪೇರಿ ಖರ್ಚಿಗೆ ಬರೆದರೂ ಹಾಗೇ. ಇದನ್ನೆಲ್ಲ ಗೆಳತಿಯರಿಗೆ ಕೂರಿಸಿಕೊಂಡು ಹೇಳಿಕೊಟ್ಟವಳು ನಾನು. ಆದರೆ ಬೋರ್ಡಿಗೆ ಹೋಗಬೇಕಾದರೆ ಫೈಲು ಕೆಳಗಿಡಬೇಕು. ಕೈ ಎತ್ತಬೇಕು.

"ಗೊತ್ತಿಲ್ಲ ಸರ್" ಅಂದೆ.

ಅವರು ಒಂದು ನಿಮಿಷ ಸುಮ್ಮನಿದ್ದರು. "ಬಾಯಲ್ಲೇ ಹೇಳಿದರೂ ಆಗುತ್ತೆ" ಅಂದರು. ಒಳ್ಳೆಯವರು. ಅಷ್ಟು ಹೊತ್ತಿಗೆ ನನ್ನ ಕಿವಿಯಲ್ಲಿ ಏನೂ ಇಳಿಯುತ್ತಿರಲಿಲ್ಲ. ಫೈಲು ಜಾರುತ್ತಿದೆಯಾ, ಎಡಗೈ ಸರಿಯಾದ ಜಾಗದಲ್ಲಿದೆಯಾ, ಇದೇ ಯೋಚನೆ. ಮತ್ತೆ "ಗೊತ್ತಿಲ್ಲ" ಅಂದೆ. ಅವರು ಮುಂದಿದ್ದ ಕಾಗದದ ಮೇಲೆ ಏನೋ ಗೀಚಿದರು. ಆ ಪೆನ್ನಿನ ಸದ್ದು ಕೇಳಿಸಿತು.

ಆ ಕೆಲಸ ಸಿಗಲಿಲ್ಲ. ಆಮೇಲೆ ಬೇರೆ ಕೆಲಸ ಸಿಕ್ಕಿತು, ಜೀವನ ನಡೆಯಿತು, ಅದಕ್ಕೆ ನನಗೇನೂ ಕೊರಗಿಲ್ಲ. ಗೊತ್ತಿದ್ದದ್ದನ್ನು ಗೊತ್ತಿಲ್ಲ ಅಂದೆನಲ್ಲ, ಅದೊಂದು ಮಾತ್ರ ಹೋಗಲಿಲ್ಲ. ನೀನು ಸ್ಕೂಲಿಗೆ ಹೋಗುವಾಗ ದಿನಾ ಬೆಳಿಗ್ಗೆ ನಿನ್ನ ಯೂನಿಫಾರ್ಮಿನ ಒಂದೊಂದು ಗುಂಡಿಯನ್ನೂ ಎಳೆದು ನೋಡುತ್ತಿದ್ದೆ. "ಬಿಡಮ್ಮ, ಲೇಟಾಯ್ತು" ಅಂತ ಕೊಸರಿಕೊಂಡು ಓಡುತ್ತಿದ್ದೆ ನೀನು. ನೆನಪಿದೆಯಾ? ಅದು ಶಿಸ್ತಿಗೆ ಮಾಡಿದ್ದಲ್ಲ. ಆ ಬಸ್ಸಿನಿಂದ ನಾನು ಇನ್ನೂ ಇಳಿದಿರಲಿಲ್ಲ ಅಷ್ಟೇ.

ಈಗ ಕೋಟಿನ ವಿಷಯ. ಅದನ್ನು ತಂದದ್ದು ನಿನಗೆ ಅಂದವಾಗಿರಲಿ ಅಂತ. ಸಂಜೆ ನೀನು ತೊಟ್ಟು ನಿಂತಾಗ ಎರಡು ಸಲ ತೋಳು ಕೆಳಗೆಳೆದುಕೊಂಡೆ. ಕೂತಾಗ ಹೆಗಲಿನ ಹತ್ತಿರ ಅದು ಮೇಲೆದ್ದಿತು. ಎರಡನ್ನೂ ನಾನು ನೋಡಿದೆ. ನೋಡಿಯೂ "ಚೆನ್ನಾಗಿದೆ, ಇದೇ ಹಾಕ್ಕೊ" ಅಂದೆ. ಯಾವ ಅಂಗಿಯಿಂದ ನನಗೆ ಹಾಗಾಯಿತೋ, ಅಂಥದ್ದನ್ನೇ ನಿನ್ನ ಮೈಮೇಲೆ ಹೇರಲು ಹೊರಟಿದ್ದೆ. ನೀನು "ನನ್ನ ನೀಲಿ ಶರ್ಟೇ ಸಾಕು, ಅದನ್ನ ಹಾಕ್ಕೊಂಡ್ರೆ ಹಾಕ್ಕೊಂಡಿದ್ದೇ ಗೊತ್ತಾಗಲ್ಲ" ಅಂದೆ. ಇಷ್ಟು ವರ್ಷ ನಾನು ಹುಡುಕುತ್ತಿದ್ದ ಮಾತು ಅದೇ. ಆಗ ಕಿವಿಗೆ ಬೀಳಲಿಲ್ಲ.

ನೀಲಿ ಶರ್ಟೇ ಹಾಕಿಕೋ. ಕಡುನೀಲಿಯಲ್ಲಿ ಬೆವರಿನ ಕಲೆಯೂ ಅಷ್ಟಾಗಿ ಕಾಣುವುದಿಲ್ಲ, ತಿಳಿ ಬೂದು ಬಣ್ಣದಲ್ಲಿ ಎದ್ದು ಕಾಣುತ್ತದೆ. ಪ್ಯಾಂಟನ್ನು ಒಳಮೈ ಹೊರಗೆ ಮಾಡಿ ಇಸ್ತ್ರಿ ಮಾಡಿಟ್ಟಿದ್ದೇನೆ. ಕಪ್ಪು ಬಟ್ಟೆಗೆ ನೇರ ಇಸ್ತ್ರಿ ತಾಗಿದರೆ ಹೊಳಪು ಬಂದುಬಿಡುತ್ತದೆ. ಹಳೇ ಶೂಗಳೇ ಇರಲಿ, ಒರೆಸಿಟ್ಟಿದ್ದೇನೆ. ಇನ್ನೊಂದು ದಿನ ಆ ಕೋಟು ಹಾಕುವ ಮನಸ್ಸಾದರೆ ಹಿಂದುಗಡೆ ಸೀಳಿಗೆ ಗುಣಾಕಾರದ ಗುರುತಿನ ಹಾಗೆ ಒಂದು ದೊಡ್ಡ ಹೊಲಿಗೆ ಹಾಕಿದ್ದಾರೆ, ಅದನ್ನು ಕತ್ತರಿಸಿ ಹಾಕಿಕೋ. ಬಟ್ಟೆ ಮುದುಡದಿರಲಿ ಅಂತ ಹಾಕುವ ದಾರ ಅದು. ಎಷ್ಟೋ ಜನ ಅದನ್ನು ಹಾಗೇ ಇಟ್ಟುಕೊಂಡು ಓಡಾಡುತ್ತಾರೆ.

ಬಟ್ಟೆಯ ಬಗ್ಗೆ ಇಷ್ಟು ಸಾಕು. ನಾಲ್ಕು ವರ್ಷದಿಂದ ನಾನೇ ಮೇಜಿನ ಆ ಕಡೆ ಕೂರುತ್ತಿದ್ದೇನಲ್ಲ, ಅಲ್ಲಿಂದ ಕಂಡದ್ದನ್ನೂ ಹೇಳುತ್ತೇನೆ. ಪಾಠ ಶುರು ಮಾಡಿದಳು ಅನ್ನಬೇಡ. ನಮಗೆ ಕೊಟ್ಟ ತರಬೇತಿಯಲ್ಲಿ ಒಂದು ವಿಷಯ ಹೇಳಿದ್ದರು. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಅನ್ನುವ ಇಬ್ಬರು ಸಂಶೋಧಕರು 85 ವರ್ಷಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರಂತೆ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಒಂದೇ ಅಳತೆಯಲ್ಲಿ ಅಂಕ ಕೊಡುವ ಇಂಟರ್ವ್ಯೂ, ಮನಸ್ಸಿಗೆ ಬಂದದ್ದು ಕೇಳುವ ಇಂಟರ್ವ್ಯೂಗಿಂತ ಒಳ್ಳೆಯ ಕೆಲಸಗಾರರನ್ನು ಗುರುತಿಸುತ್ತದೆ ಅಂತ ಅದರಲ್ಲಿ ತಿಳಿದುಬಂತು. ನಮ್ಮಲ್ಲೂ ಈಗ ಹಾಗೇ ಮಾಡುತ್ತೇವೆ. ಮುಂದೆ ಒಂದು ಹಾಳೆ ಇರುತ್ತದೆ, ಪ್ರಶ್ನೆಗೊಂದು ಸಾಲು, ಸಾಲಿಗಿಷ್ಟು ಅಂಕ. ಬಟ್ಟೆಗೆ ಅಂತ ಅದರಲ್ಲಿ ಕಾಲಮ್ಮೇ ಇಲ್ಲ. ಹಾಗಂತ ಕಣ್ಣು ನೋಡದೇ ಇರುತ್ತದೆ ಅಂತಲ್ಲ, ನೋಡುತ್ತದೆ. ಆದರೆ ಐದು ನಿಮಿಷದ ಮೇಲೆ ನೋಡುವುದು ಬಟ್ಟೆಯನ್ನಲ್ಲ. ಇವಳು ನಮ್ಮ ಜೊತೆ ಮಾತಾಡುತ್ತಿದ್ದಾಳಾ, ತನ್ನ ಅಂಗಿಯ ಜೊತೆ ಹೆಣಗಾಡುತ್ತಿದ್ದಾಳಾ ಅಂತ ನೋಡುತ್ತದೆ. ಬರುವವರಲ್ಲಿ ಕೆಲವರ ಕೈ ಪದೇ ಪದೇ ಕಾಲರಿಗೆ ಹೋಗುವುದನ್ನು ಕಂಡಾಗ ನಾನು ನೀರಿನ ಲೋಟ ಅವರ ಕಡೆ ಸರಿಸಿ ಸ್ವಲ್ಪ ಹೊತ್ತು ಸುಮ್ಮನಿರುತ್ತೇನೆ.

ಜಾಸ್ತಿ ಜನ ಮಾಡುವ ತಪ್ಪು ಇದು: "ನಾವು ಮಾಡಿದೆವು, ನಮ್ಮ ತಂಡ ಮುಗಿಸಿತು" ಅನ್ನುತ್ತಾರೆ. ವಿನಯದಿಂದಲೇ ಹೇಳುತ್ತಾರೆ, ಆದರೆ ಹಾಳೆಯ ಮೇಲೆ ಏನು ಬರೆಯಲಿ ನಾನು? ತಂಡಕ್ಕೆ ಅಂಕ ಕೊಡಲು ಬರುವುದಿಲ್ಲ. ಗೋದಾಮಿನ ಲೆಕ್ಕ ಮೂರು ತಿಂಗಳು ತಾಳೆಯಾಗದೇ ಇದ್ದದ್ದನ್ನು ನೀನು ಸರಿಮಾಡಿದೆಯಲ್ಲ, ಅದನ್ನು ಹೇಳು. ಮೊದಲು ಪರಿಸ್ಥಿತಿ ಏನಿತ್ತು, ನಿನ್ನ ಪಾಲಿಗೆ ಬಂದದ್ದೇನು, ನೀನು ಏನು ಮಾಡಿದೆ, ಕೊನೆಗೆ ಏನಾಯಿತು. ಹೀಗೆ ನಾಲ್ಕು ಹೆಜ್ಜೆ. "ಮಾಡಿದೆ" ಅನ್ನು, "ಮಾಡಿದೆವು" ಅನ್ನಬೇಡ. ಎರಡು ನಿಮಿಷದಲ್ಲಿ ಮುಗಿಯುವ ಹಾಗೆ ಒಂದು ಸಲ ಜೋರಾಗಿ ಹೇಳಿ ನೋಡಿಕೋ. ಮನಸ್ಸಿನಲ್ಲಿ ಹೇಳಿಕೊಂಡದ್ದು ಬಾಯಿಗೆ ಬಂದಾಗ ಬೇರೆಯೇ ಆಗುತ್ತದೆ.

ಅವರ ಜಾಹೀರಾತನ್ನು ಇನ್ನೊಂದು ಸಲ ಓದು. ಸುಮಾರು 1482ರಲ್ಲಿ ಲಿಯೊನಾರ್ಡೊ ಡಾ ವಿಂಚಿ ಕೆಲಸ ಕೇಳಿ ಮಿಲಾನಿನ ಆಡಳಿತ ನಡೆಸುತ್ತಿದ್ದ ಲುದೊವಿಕೊ ಸ್ಫೋರ್ಜಾಗೆ ಒಂದು ಪತ್ರ ಬರೆದ. ಹಗುರ ಸೇತುವೆ ಕಟ್ಟಬಲ್ಲೆ, ಕೋಟೆ ಒಡೆಯಬಲ್ಲೆ, ಫಿರಂಗಿ ಮಾಡಬಲ್ಲೆ ಅಂತೆಲ್ಲ ಪಟ್ಟಿ ಮಾಡಿ, ಚಿತ್ರ ಬರೆಯುತ್ತೇನೆ ಅನ್ನುವುದನ್ನು ಕೊನೆಯ ಹೊತ್ತಿಗೆ ಹೇಳಿದ. ಓದುವವನಿಗೆ ಬೇಕಾಗಿದ್ದದ್ದು ಯುದ್ಧದ ಸಾಮಾನು, ಅದಕ್ಕೆ. ಅವರಿಗೆ ಏನು ಬೇಕೋ ಅದು ನಿನ್ನ ಹತ್ತಿರ ಇದೆ ಪುಟ್ಟಿ, ಅದನ್ನು ಮೊದಲು ಹೇಳು. ಚಿಕ್ಕಂದಿನಿಂದ ನೀನು ಒಳ್ಳೆಯದನ್ನೆಲ್ಲ ಕೊನೆಗೆ ಇಟ್ಟುಕೊಳ್ಳುವವಳು.

ಬರೆಯುವುದಿಲ್ಲ ಅಂದಿದ್ದೆ, ಆದರೂ ಇದೊಂದು ಬರೆಯುತ್ತೇನೆ. ಏಳು ತಿಂಗಳು ಏನು ಮಾಡಿದಿರಿ ಅಂತ ಕೇಳೇ ಕೇಳುತ್ತಾರೆ. ತಲೆ ತಗ್ಗಿಸಬೇಡ. ನಮ್ಮ ವಿಭಾಗವನ್ನೇ ಮುಚ್ಚಿದರು ಅಂತ ಒಂದು ವಾಕ್ಯದಲ್ಲಿ ಹೇಳು, ಆ ಮೇಲೆ ಕಲಿತದ್ದನ್ನು ಹೇಳು, ಅಲ್ಲಿಗೆ ನಿಲ್ಲಿಸು. ಹಳೇ ಕಡೆಯವರನ್ನು ಬೈಯಬೇಡ. ಬೈಯಲು ಕಾರಣ ಇದೆ, ನನಗೂ ಗೊತ್ತು. ಆದರೂ ಬೇಡ. ರಾತ್ರಿ ನಿನ್ನ ರೂಮಿನಲ್ಲಿ ಕೀಬೋರ್ಡಿನ ಸದ್ದು ಕೇಳುತ್ತಿತ್ತು, ಎರಡು ಗಂಟೆಗೂ ಕೇಳುತ್ತಿತ್ತು. ಒಂದು ದಿನವೂ ಬಂದು ಬೆನ್ನು ಸವರಲಿಲ್ಲ ನಾನು. ಬಂದರೆ ಅಳುತ್ತೀಯೇನೋ ಅಂತ ಹೆದರಿದೆ. ನಾನೇ ಅತ್ತುಬಿಟ್ಟರೆ ಏನು ಮಾಡಲಿ ಅಂತಲೂ ಹೆದರಿದೆ.

ನಿಜವಾಗಿ ಗೊತ್ತಿಲ್ಲದ ಪ್ರಶ್ನೆ ಬಂದರೆ ಗೊತ್ತಿಲ್ಲ ಅನ್ನು. ಅದರಲ್ಲಿ ಅವಮಾನ ಇಲ್ಲ, ಮೇಜಿನ ಈ ಕಡೆಯಿಂದ ಹೇಳುತ್ತಿದ್ದೇನೆ, ಬೂಸಿ ಬಿಡುವವರಿಗಿಂತ ಅವರೇ ನಮಗೆ ಇಷ್ಟವಾಗುತ್ತಾರೆ. ಗೊತ್ತಿದ್ದರೆ ಮಾತ್ರ ಹೇಳಿಬಿಡು. ಅರ್ಧ ಗೊತ್ತಿದ್ದರೂ ಹೇಳು. ಬೋರ್ಡಿಗೆ ಕರೆದರೆ ಎದ್ದು ಹೋಗು. ಏನೇ ಕಿತ್ತಿರಲಿ, ಹರಿದಿರಲಿ, ಎದ್ದು ಹೋಗು. "ಒಂದು ಪಿನ್ನು ಇದೆಯಾ" ಅಂತ ಕೇಳಿದರೂ ಪರವಾಗಿಲ್ಲ. ಆ ಮೂವರಲ್ಲಿ ಒಬ್ಬರಾದರೂ ನಕ್ಕು ಕೊಡುತ್ತಿದ್ದರು ಅಂತ ಈಗ ನನಗನಿಸುತ್ತದೆ. ನೋಡು, ಮತ್ತೆ ಅದೇ ಗುಂಡಿಯ ಹತ್ತಿರ ಬಂದೆ.

ನಿನಗೆ ಕೇಳದೇ ಒಂದು ಕೆಲಸ ಮಾಡಿದ್ದೇನೆ. ಬಾಗಿಲ ಹಿಂದೆ ನೇತಾಡುತ್ತಿದ್ದ ನೀಲಿ ಶರ್ಟನ್ನು ಹಾಲಿಗೆ ತಂದು ಎಲ್ಲ ಗುಂಡಿ ಎಳೆದು ನೋಡಿದೆ. ಒಂದು ಸಡಿಲ ಇತ್ತು. ಯಾವುದು ಅಂತ ನಿನಗೆ ಗೊತ್ತೇ ಆಗಿರುತ್ತದೆ. ಬಿಚ್ಚಿ ಹೊಸದಾಗಿ ಹೊಲಿದೆ. ಗುಂಡಿಯ ಮೇಲೆ ಒಂದು ಬೆಂಕಿಕಡ್ಡಿ ಇಟ್ಟು ಅದರ ಮೇಲಿಂದ ದಾರ ಹಾಯಿಸಿದೆ. ಆಮೇಲೆ ಕಡ್ಡಿ ತೆಗೆದು, ಗುಂಡಿಗೂ ಬಟ್ಟೆಗೂ ನಡುವೆ ಉಳಿದ ದಾರಕ್ಕೆ ನಾಲ್ಕು ಸುತ್ತು ಸುತ್ತಿ ಗಂಟು ಹಾಕಿದೆ. ಹಾಗೆ ಮಾಡಿದರೆ ಕೈ ಎತ್ತಿದಾಗ ಬಟ್ಟೆ ಎಳೆದರೂ ಗುಂಡಿಗೆ ಆಡಲು ಜಾಗ ಇರುತ್ತದೆ, ಕೀಳುವುದಿಲ್ಲ. ಸೂಜಿಗೆ ದಾರ ಪೋಣಿಸಲು ಮಾತ್ರ ತುಂಬಾ ಹೊತ್ತು ಹಿಡಿಯಿತು. ಫೈಲಿನ ಒಳಜೇಬಿನಲ್ಲಿ ಎರಡು ಪಿನ್ನು ಇಟ್ಟಿದ್ದೇನೆ.

ಆ ಬಣ್ಣದ ದಾರ ಮನೆಯಲ್ಲಿ ಇರಲಿಲ್ಲ. ಎರಡನೇ ಗುಂಡಿಯ ದಾರ ಉಳಿದವಕ್ಕಿಂತ ಸ್ವಲ್ಪ ಕಪ್ಪಗಿದೆ. ತೀರಾ ಹತ್ತಿರ ಬಂದು ನೋಡಿದರೆ ಮಾತ್ರ ಕಾಣುತ್ತದೆ.

ನಿನ್ನ
ಅಮ್ಮ