ವೀರ್ಯನಾಳ ಮರುಜೋಡಣೆ ಬಡವರಿಗೂ ಸಿಗಲಿ

ವ್ಯಾಸೆಕ್ಟಮಿ, ಅಂದರೆ ವೀರ್ಯನಾಳ ಕತ್ತರಿಸುವ ಗಂಡಸರ ಸಂತಾನಹರಣ ಚಿಕಿತ್ಸೆ, ಮಾಡಿಸಿಕೊಂಡವರಿಗೆ ಆ ನಾಳವನ್ನು ಮತ್ತೆ ಜೋಡಿಸುವ ಶಸ್ತ್ರಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗಬೇಕು. ಮಗುವನ್ನು ಕಳೆದುಕೊಂಡವರು, ಮರುಮದುವೆಯಾದವರು ಇದನ್ನು ಬಯಸುತ್ತಾರೆ. ಮೈಕ್ರೋಸ್ಕೋಪ್ ಇಟ್ಟುಕೊಂಡು, ಕೂದಲೆಳೆಗಿಂತ ತೆಳುವಾದ ದಾರದಿಂದ ಹೊಲಿಯುವ ನಾಜೂಕು ಕೆಲಸವಿದು. ಖಾಸಗಿಯಲ್ಲಿ ಅದರ ಖರ್ಚು ಬಡವರ ಕೈಗೆ ಎಟಕುವುದಿಲ್ಲ. ಹಣ ಹೊಂದಿಸುತ್ತಾ ಕೂತರೆ ವರ್ಷಗಳು ಉರುಳುತ್ತವೆ. ತಡವಾದಷ್ಟೂ ಮಗುವಾಗುವ ಸಾಧ್ಯತೆ ಕಡಿಮೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ಮಹಿಳೆಯರ ಸಂತಾನಹರಣ ಚಿಕಿತ್ಸೆಯನ್ನು ನೆಚ್ಚಿಕೊಂಡ ದಂಪತಿಗಳು ಶೇ 37.9, ಗಂಡಸರದನ್ನು ನೆಚ್ಚಿಕೊಂಡವರು ಬರೀ ಶೇ 0.3. ಭಾರವೆಲ್ಲ ಹೆಂಗಸರ ಮೇಲೇ ಅಲ್ವಾ? ಮುಂದೆ ಬಂದ ಕೆಲವೇ ಗಂಡಸರನ್ನು ಕಷ್ಟದಲ್ಲಿ ಕೈಬಿಡಬಾರದು. ಕಂದಾಯ ವಿಭಾಗಕ್ಕೊಂದು ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಾದರೂ ತರಬೇತಾದ ಸರ್ಜನ್, ಉಚಿತ ಚಿಕಿತ್ಸೆಯ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಲಿ. ಫಲ ಖಚಿತವಲ್ಲ ಎಂಬುದನ್ನೂ ದಂಪತಿಗೆ ಮೊದಲೇ ತಿಳಿಸಲಿ.

– ಒಬ್ಬ ಓದುಗ, ಹಾಸನ