ಮೆರವಣಿಗೆ ಕುದುರೆಗೆ ಒಂದು ಬಕೆಟ್ ನೀರು

ಮಾನ್ಯ ಸಂಪಾದಕರೇ,

ಮದುವೆ ಸೀಸನ್ ಇನ್ನೂ ಮುಗಿದಿಲ್ಲ. ಮುಗಿಯುವುದರೊಳಗೆ ಈ ಪತ್ರ ಅಚ್ಚಾದರೆ ವರನ ಮೆರವಣಿಗೆಗೆ ಬರುವ ಒಂದೆರಡು ಕುದುರೆಗಳಿಗಾದರೂ ಉಪಯೋಗವಾದೀತು ಅಂತ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ. ಜಾಗ ಸಾಲದಿದ್ದರೆ ನನ್ನ ಅಪ್ಪನ ವಿಷಯ ಕತ್ತರಿಸಿ, ಬಕೆಟ್ಟಿನ ವಿಷಯ ಮಾತ್ರ ಉಳಿಸಿ.

ಬೇಸಿಗೆ ರಜೆಗೆ ಮಗಳ ಮಗ ಬೆಂಗಳೂರಿನಿಂದ ಬಂದಿದ್ದ. ಒಂಬತ್ತು ವರ್ಷ. ದಿನವಿಡೀ ಕೈಯಲ್ಲಿ ಮೊಬೈಲು. ಒಂದು ಮಧ್ಯಾಹ್ನ ನಾನು ಬಸ್ಸಾರಿಗೆ ಅಂತ ಹುರುಳಿಕಾಳು ಆರಿಸುತ್ತಾ ಕೂತಿದ್ದೆ. ನಡುಮನೆಯಿಂದ ಗೊರಸಿನ ಸದ್ದು ಬಂತು. ಟಾರಿನ ಮೇಲಿನ ಸದ್ದಲ್ಲ, ಒಣ ಮಣ್ಣಿನ ಮೇಲಿನ ಸದ್ದು. ಮೊರ ಕೆಳಗಿಟ್ಟು ಎದ್ದು ಹೋದೆ. ಐವತ್ತು ವರ್ಷವಾಗಿತ್ತು ಮನೆಯೊಳಗೆ ಆ ಸದ್ದು ಕೇಳಿ.

ಅವನು ನೋಡುತ್ತಿದ್ದದ್ದು 'ಫ್ಯೂರಿ' ಅನ್ನುವ ಅಮೆರಿಕದ ಹಳೇ ಸೀರಿಯಲ್. 1955ರ ಅಕ್ಟೋಬರಿನಲ್ಲಿ ಎನ್‌ಬಿಸಿ ಚಾನೆಲ್ಲಿನಲ್ಲಿ ಶುರುವಾಗಿ 1960ರವರೆಗೆ ಶನಿವಾರ ಬೆಳಿಗ್ಗೆ ಮಕ್ಕಳಿಗಾಗಿ ಬರುತ್ತಿತ್ತಂತೆ. ಪೂರ್ತಿ ಕಪ್ಪು ಬಿಳುಪು. ಅರ್ಧ ಗಂಟೆಗೆ ಒಂದು ಕಥೆ. ನಮ್ಮ ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದೇ 1981ರಲ್ಲಿ. ಹಾಗಾಗಿ ನನ್ನ ಬಾಲ್ಯದಲ್ಲಿ ಇದನ್ನು ನೋಡುವ ಮಾತೇ ಇರಲಿಲ್ಲ. ಅಜ್ಜಿ ಆದ ಮೇಲೆ ನೋಡಿದೆ. ಆ ರಜೆಯಲ್ಲಿ ಇಬ್ಬರೂ ಸೇರಿ ಇಪ್ಪತ್ತಕ್ಕೂ ಜಾಸ್ತಿ ಕಂತು ಮುಗಿಸಿದೆವು. ಹುರುಳಿ ಆರಿಸುವುದು ಹಾಗೇ ಉಳಿಯಿತು.

ಕೌಬಾಯ್ ಕಥೆ ಅಂದರೆ ಬರೀ ಪಿಸ್ತೂಲು, ಹೊಡೆದಾಟ ಅಂದುಕೊಂಡಿದ್ದೆ. ಇದು ಹಾಗಿಲ್ಲ. ಕಾಲವೂ ತೀರ ಹಳೆಯದಲ್ಲ, ಕಾರುಗಳೂ ಓಡಾಡುತ್ತವೆ. ಬ್ರೋಕನ್ ವೀಲ್ ಅಂತ ಒಂದು ರ‍್ಯಾಂಚು, ಅಂದರೆ ಕುದುರೆ ಸಾಕುವ ದೊಡ್ಡ ಹೊಲ ಮನೆ. ಅದರ ಯಜಮಾನ ಜಿಮ್ ನ್ಯೂಟನ್. ಹೆಂಡತಿ ಮಗ ಇಬ್ಬರನ್ನೂ ಅಪಘಾತದಲ್ಲಿ ಕಳೆದುಕೊಂಡವನು. ಮಾಡದ ತಪ್ಪಿಗೆ ಸಿಕ್ಕಿಬಿದ್ದ ಜೋಯಿ ಅನ್ನುವ ಅನಾಥ ಹುಡುಗನನ್ನು ಮನೆಗೆ ಕರೆತಂದು ಮಗನ ಹಾಗೆ ಸಾಕುತ್ತಾನೆ. ಜೊತೆಗೆ ಪೀಟ್ ಅಂತ ಒಬ್ಬ ಮುದುಕ, ಸದಾ ಗೊಣಗುತ್ತಾ ಅಡುಗೆ ಮಾಡುವವನು. ನನಗೆ ತುಂಬಾ ಇಷ್ಟವಾದದ್ದು ಅವನೇ. ಜೋಯಿಯ ಪಾತ್ರ ಮಾಡಿದ ಹುಡುಗ ಬಾಬಿ ಡೈಮಂಡ್, ಜಿಮ್ ಆದವರು ಪೀಟರ್ ಗ್ರೇವ್ಸ್.

ಇನ್ನು ಕುದುರೆ. ಕರೀ ಗಂಡು ಕುದುರೆ, ಕಾಡಿನಿಂದ ಹಿಡಿದು ತಂದದ್ದು. ಫ್ಯೂರಿ ಅಂದರೆ ಕೋಪ ಅಂತ ಅರ್ಥ, ಹೆಸರಿಗೆ ತಕ್ಕ ಹಾಗೇ ಇದೆ. ದೊಡ್ಡವರು ಯಾರನ್ನೂ ಬೆನ್ನ ಮೇಲೆ ಕೂರಿಸಿಕೊಳ್ಳುವುದಿಲ್ಲ. ಜೋಯಿ ಮಾತ್ರ ಕೂರಬಹುದು. ಬೇರೆಯವರು ಕೂರಬೇಕಾದರೆ ಜೋಯಿ ಹೋಗಿ ಅದಕ್ಕೆ ಹೇಳಬೇಕು. ಯಾರು ಕೂರಬೇಕು ಅಂತ ಕುದುರೆಯೇ ತೀರ್ಮಾನ ಮಾಡುತ್ತದೆ, ನೋಡಿ. ಇಡೀ ಸೀರಿಯಲ್ಲಿನಲ್ಲಿ ನನಗೆ ಹಿಡಿಸಿದ್ದು ಇದೊಂದು ವಿಷಯ.

ಉಳಿದದ್ದರಲ್ಲಿ ಬೇಕಾದಷ್ಟು ಬೂಸಿ ಇದೆ. ಗಂಟು ಬಿಚ್ಚುತ್ತದೆ, ಬಾಗಿಲು ತೆಗೆಯುತ್ತದೆ, ಕಳ್ಳನನ್ನು ಅಟ್ಟಿಸಿಕೊಂಡು ಹೋಗುತ್ತದೆ. ಯಾವ ತಾಪತ್ರಯವೂ ಅರ್ಧ ಗಂಟೆ ದಾಟುವುದಿಲ್ಲ. ಮೊಮ್ಮಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ನಾನು ಮಾತ್ರ ಅದರ ಕಿವಿ ನೋಡುತ್ತಿದ್ದೆ. ಕುದುರೆ ಮನಸ್ಸು ಎಲ್ಲಿದೆಯೋ ಕಿವಿ ಅಲ್ಲಿರುತ್ತದೆ. ಜೋಯಿ ಎದುರಿಗೆ ನಿಂತು ಮಾತಾಡುತ್ತಿರುವಾಗ ಒಂದೊಂದು ಸಲ ಅದರ ಕಿವಿ ಅವನ ಕಡೆ ಇರುವುದೇ ಇಲ್ಲ, ಪರದೆಯ ಆಚೆ ಎಲ್ಲೋ ನೆಟ್ಟಿರುತ್ತದೆ. "ನೋಡೋ, ಅಲ್ಲಿ ಯಾರೋ ನಿಂತಿದ್ದಾರೆ, ಇದು ಅವರ ಮಾತು ಕೇಳ್ತಿದೆ" ಅಂದೆ. ಅವನು ನಂಬಲಿಲ್ಲ. ಆಮೇಲೆ ಹುಡುಕಿ ಅವನೇ ಓದಿ ಹೇಳಿದ. ಆ ಕುದುರೆಯ ನಿಜವಾದ ಹೆಸರು ಹೈಲ್ಯಾಂಡ್ ಡೇಲ್. ಮಿಸೌರಿಯಲ್ಲಿ ಹುಟ್ಟಿದ್ದು, ಸ್ಯಾಡಲ್‌ಬ್ರೆಡ್ ತಳಿ. ಪಳಗಿಸಿದವರು ರಾಲ್ಫ್ ಮೆಕಚಿಯನ್ ಅನ್ನುವವರು. ಹಾಲಿವುಡ್ ಸಿನಿಮಾಗಳಲ್ಲೂ ನಟಿಸಿತ್ತಂತೆ. ಕಾಡು ಕುದುರೆಯೂ ಅಲ್ಲ, ಕೋಪಿಷ್ಠನೂ ಅಲ್ಲ, ಕೆಲಸಕ್ಕೆ ಬಂದ ನಟ. ಮೊಮ್ಮಗನಿಗೆ ಸ್ವಲ್ಪ ಬೇಜಾರಾಯಿತು. ನನಗೆ ಆಗಲಿಲ್ಲ. ದುಡಿಯುವ ಕುದುರೆಯ ಮೇಲೆ ನನಗೆ ಮೊದಲಿಂದಲೂ ಗೌರವ ಜಾಸ್ತಿ.

ಯಾಕೆಂದರೆ ನಾನು ಜಟಕಾ ಗಾಡಿಯ ಮನೆಯಲ್ಲಿ ಬೆಳೆದವಳು. ಅಪ್ಪ ತುಮಕೂರು ರೈಲ್ವೆ ಸ್ಟೇಷನ್ನಿನ ಮುಂದೆ ಗಾಡಿ ನಿಲ್ಲಿಸುತ್ತಿದ್ದರು. ಸ್ಟೇಷನ್ನಿನಿಂದ ಹೊರಪೇಟೆ, ಮಂಡಿಪೇಟೆ, ಜಾತ್ರೆ ಸಮಯದಲ್ಲಿ ಕ್ಯಾತ್ಸಂದ್ರದ ಕಡೆಗೆ, ಸಿದ್ಧಗಂಗೆಗೆ. ನಮ್ಮ ಕುದುರೆಯ ಹೆಸರು ಸುಲ್ತಾನ. ಮಾರಿದವರು ಇಟ್ಟ ಹೆಸರು. ನಮ್ಮಮ್ಮ ಬೇರೆ ಹೆಸರಿಡೋಣ ಅಂದರೆ ಅಪ್ಪ ಒಪ್ಪಲಿಲ್ಲ. "ಅದಕ್ಕೆ ಗೊತ್ತಿರೋದು ಒಂದೇ ಹೆಸರು, ಅದನ್ನೂ ಕಿತ್ಕೊಂಡ್ರೆ ಹೆಂಗೆ?" ಅನ್ನುತ್ತಿದ್ದರು.

ಜಟಕಾದಲ್ಲಿ ಕೂತವರಿಗೆ ನೆನಪಿರಬಹುದು, ಗಾಡಿಯವನು ಸುಮ್ಮನೆ ಕೂರಲು ಬಿಡುತ್ತಿರಲಿಲ್ಲ. "ಮುಂದಕ್ಕೆ ಸರೀರಿ, ಅಮ್ಮಾ ನೀವು ಇಂಚೂರು ಹಿಂದಕ್ಕೆ" ಅಂತ ಹೇಳುತ್ತಲೇ ಇರುತ್ತಿದ್ದ. ಜಾಸ್ತಿ ಜನ ತುಂಬುವುದಕ್ಕೆ ಹೀಗೆ ಮಾಡುತ್ತಾರೆ ಅಂತ ಬಯ್ಯುತ್ತಿದ್ದವರೂ ಉಂಟು. ಅದು ಅದಕ್ಕಲ್ಲ. ಎರಡು ಚಕ್ರದ ಗಾಡಿ, ತಕ್ಕಡಿ ಇದ್ದ ಹಾಗೆ. ಭಾರ ಹಿಂದಾದರೆ ಕುದುರೆ ಕಟ್ಟುವ ಮುಂದಿನ ಮರ ಮೇಲೆದ್ದು ಕುದುರೆಯ ಹೊಟ್ಟೆ ಪಟ್ಟಿ ಬಿಗಿಯುತ್ತದೆ. ಭಾರ ಮುಂದಾದರೆ ಎಲ್ಲಾ ಬೆನ್ನ ಮೇಲೆ. ಅಪ್ಪ ಹೊರಡುವ ಮುಂಚೆ ಪಟ್ಟಿಯೊಳಗೆ ಎರಡು ಬೆರಳು ತೂರಿಸಿ ನೋಡುತ್ತಿದ್ದರು.

ಗಾಡಿಯ ಕೆಳಗೆ ಒಂದು ಬಕೆಟ್ ನೇತಾಡುತ್ತಿತ್ತು. ಓಡುವಾಗ ಅದೂ ಒಂದು ತಾಳ ಹಾಕುತ್ತಿತ್ತು. ಎಲ್ಲಿ ನಿಂತರೂ ಮೊದಲು ನೀರು. ಆಮೇಲೆ ಅಪ್ಪನ ಬೀಡಿ. ಕುದುರೆಗೆ ದಿನಕ್ಕೆ ಏನಿಲ್ಲ ಅಂದರೂ ಇಪ್ಪತ್ತೈದು ಮೂವತ್ತು ಲೀಟರ್ ನೀರು ಬೇಕು. ಬಿಸಿಲಲ್ಲಿ ದುಡಿದರೆ ಇನ್ನೂ ಜಾಸ್ತಿ. ಸಂಜೆ ನನ್ನ ಕೆಲಸ ಲದ್ದಿ ಬಾಚುವುದು, ಹುರುಳಿ ನೆನೆಹಾಕುವುದು. ಆ ಕೆಲಸ ಮುಗಿಯದೆ ಸುಲ್ತಾನನ ಮೈ ಮುಟ್ಟಲು ಬಿಡುತ್ತಿರಲಿಲ್ಲ. ಆಟೋಗಳು ಜಾಸ್ತಿಯಾದ ಮೇಲೆ ಅಪ್ಪ ಗಾಡಿಯನ್ನೂ ಕುದುರೆಯನ್ನೂ ಮಾರಿದರು. ಅದರ ಬಗ್ಗೆ ಬರೆಯಲು ಮನಸ್ಸಿಲ್ಲ. ಬಕೆಟ್ ಮಾತ್ರ ಮನೆಯಲ್ಲಿ ಉಳಿಯಿತು. ತಳ ತೂತಾಗುವವರೆಗೂ ಬಚ್ಚಲಲ್ಲಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ರಜೆಯ ಕೊನೇ ವಾರ ನಮ್ಮೂರಿನ ಒಂದು ಕಲ್ಯಾಣ ಮಂಟಪದಲ್ಲಿ ನೆಂಟರ ಮದುವೆ. ವರನ ಮೆರವಣಿಗೆಗೆ ಬಿಳೀ ಕುದುರೆ ತರಿಸಿದ್ದರು. ಮೊಮ್ಮಗ ನನ್ನ ಕೈ ಬಿಡಿಸಿಕೊಂಡು ಮುಂದೆ ಓಡಿದ. ಬೆನ್ನ ಮೇಲೆ ಜರಿ ಬಟ್ಟೆ, ಹಣೆಗೆ ಪಟ್ಟಿ, ಕಾಲಿಗೆ ಗೆಜ್ಜೆ. ಒಂದು ಪಕ್ಕ ತಮಟೆ, ಇನ್ನೊಂದು ಪಕ್ಕ ಲೌಡ್ ಸ್ಪೀಕರ್ ಕಟ್ಟಿದ ಟೆಂಪೋ. ಆಂಜನೇಯನ ಗುಡಿಯಿಂದ ಮಂಟಪಕ್ಕೆ ಅರ್ಧ ಕಿಲೋಮೀಟರೂ ಇಲ್ಲ, ಒಂದೂಕಾಲು ಗಂಟೆ ಹಿಡಿಯಿತು. ಹೆಜ್ಜೆಗೊಮ್ಮೆ ನಿಂತು ಕುಣಿತ. ಅದೂ ಸರಿ, ಮದುವೆ ಮನೆ, ಕುಣಿಯಲಿ. ಆದರೆ ಮಂಟಪದ ಬಾಗಿಲಲ್ಲಿ ಯಾರೋ ಹುಡುಗರು ಪಟಾಕಿ ಸರವನ್ನು ಕುದುರೆಯ ಹಿಂಗಾಲ ಬಳಿಯೇ ಹಚ್ಚಿದರು.

ಕುದುರೆಯ ಕಣ್ಣು ತಲೆಯ ಎರಡು ಪಕ್ಕಕ್ಕೆ ಇರುತ್ತದೆ. ಹೆಚ್ಚುಕಮ್ಮಿ ಸುತ್ತಲೂ ಕಾಣುತ್ತದೆ, ಹಣೆಯ ನೇರ ಮುಂದೆ ಮತ್ತು ತೀರ ಬಾಲದ ಹಿಂದೆ ಮಾತ್ರ ಕಾಣುವುದಿಲ್ಲ. ಕಾಣದ ಕಡೆಯಿಂದ ಸದ್ದು ಬಂದರೆ ಹೆದರಿ ಒದೆಯುವುದು ಅದರ ಹುಟ್ಟುಗುಣ. ಪುಣ್ಯಕ್ಕೆ ಅದು ಒದೆಯಲಿಲ್ಲ, ಜಾರಿತು. ಕಬ್ಬಿಣದ ಲಾಳ, ನುಣುಪು ರಸ್ತೆ. ಮುಂಗಾಲು ಮಡಿಚಿ ಮಂಡಿಯೂರಿ ಮತ್ತೆ ಎದ್ದಿತು. ವರ ಬೀಳಲಿಲ್ಲ. ಜನ ಕಿರುಚಿ ನಕ್ಕರು, ಮೊಬೈಲ್ ಎತ್ತಿ ಹಿಡಿದರು. ಕುದುರೆ ಹಿಡಿದಿದ್ದ ಹುಡುಗ ಭಯಕ್ಕೆ ಕಡಿವಾಣ ಜಗ್ಗಿದ. ಅವನ ಮೇಲೂ ನನಗೆ ಕೋಪವಿಲ್ಲ, ಅವನಿಗೂ ಇಪ್ಪತ್ತು ತುಂಬಿರಲಿಲ್ಲ. ಊಟವಾದ ಮೇಲೆ ಫೋಟೋ ತೆಗೆಯಬೇಕು ಅಂತ ಕುದುರೆಯನ್ನು ಕಳಿಸಲಿಲ್ಲ. ಮೂರು ಗಂಟೆಯವರೆಗೆ ಜನರೇಟರ್ ಪಕ್ಕದ ಬಿಸಿಲಲ್ಲಿ ಕಟ್ಟಿದ್ದರು.

ಆಗ ಮೊಮ್ಮಗ ನನ್ನ ಹತ್ತಿರ ಬಂದು ಕೇಳಿದ. "ಅಜ್ಜೀ, ಇದರ ಹೆಸರೇನು? ಯಾರೂ ಹೆಸರು ಹಿಡಿದು ಕರೀತಾನೇ ಇಲ್ಲ."

ನಾನು ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. ಯಾರು ಏನು ಕೇಳಿದರೂ ಉತ್ತರ ಕೊಟ್ಟು ಅಭ್ಯಾಸ. ಇದಕ್ಕೆ ಉತ್ತರವಿರಲಿಲ್ಲ. ಅಡುಗೆಯವರ ಹತ್ತಿರ ಬಕೆಟ್ ಕೇಳಿದೆ. ಸಾಂಬಾರಿನ ಬಕೆಟ್ ಕೊಡಲ್ಲ ಅಂದರು, ನ್ಯಾಯವೇ. ಕೊನೆಗೆ ಕೈ ತೊಳೆಯುವ ಕಡೆ ಇದ್ದ ಪ್ಲಾಸ್ಟಿಕ್ ಬಕೆಟ್ ತಂದೆವು. ಪಕ್ಕದಿಂದ ಹೋಗು, ಮಾತಾಡುತ್ತಾ ಹೋಗು ಅಂತ ಹುಡುಗನಿಗೆ ಹೇಳಿದೆ. ಎರಡು ಬಕೆಟ್ ಪೂರ್ತಿ ಕುಡಿಯಿತು. ರೇಷ್ಮೆ ಸೀರೆ ನೆನೆಯಿತು ಅಂತ ಮಗಳು ಬೈದಳು.

ಮನೆಗೆ ಬಂದು ಕಾನೂನು ಏನಿದೆ ಅಂತ ನೋಡಿದೆ. ಫ್ಯೂರಿ ಸೀರಿಯಲ್ ಮುಗಿದ 1960ರಲ್ಲೇ ನಮ್ಮ ದೇಶದಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದಿದೆ. 1965ರಲ್ಲಿ ಗಾಡಿ ಎಳೆಯುವ, ಹೊರೆ ಹೊರುವ ಪ್ರಾಣಿಗಳಿಗೆ ಅಂತ ಬೇರೆ ನಿಯಮಗಳೂ ಬಂದಿವೆ. ದಿನಕ್ಕೆ ಒಟ್ಟು 9 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಡುವಿಲ್ಲದೆ 5 ಗಂಟೆಗಿಂತ ಜಾಸ್ತಿ ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಕೆಲಸಕ್ಕೆ ಹಚ್ಚಬಾರದು. ಮುಳ್ಳಿರುವ ಕಡಿವಾಣ ಹಾಕಬಾರದು. ಟಟ್ಟು, ಅಂದರೆ ಚಿಕ್ಕ ಜಾತಿಯ ಕುದುರೆಯ ಮೇಲೆ 70 ಕಿಲೋಗಿಂತ ಜಾಸ್ತಿ ಹೊರೆ ಹೊರಿಸಬಾರದು. ಮದುಮಗ ಹೊರೆಯ ಲೆಕ್ಕಕ್ಕೆ ಬರುತ್ತಾನೋ ಇಲ್ಲವೋ ವಕೀಲರು ಹೇಳಲಿ. ನಾನು ನೋಡಿದ ಮದುಮಗ ಪೇಟ, ಹಾರ ಬಿಟ್ಟೂ ಎಂಬತ್ತರ ಮೇಲಿದ್ದ.

ಮೆರವಣಿಗೆಗೆ ಕುದುರೆ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಾಗೆ ಹೇಳುವವರೂ ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಆದರೆ ಬಾಡಿಗೆ ನಿಂತರೆ ಆ ಕುದುರೆಗೆ ಯಾರು ಮೇವು ಹಾಕುತ್ತಾರೆ ಅನ್ನುವುದು ಜಟಕಾ ಮಾರಿದ ಮನೆಯವರಿಗೆ ಗೊತ್ತು. ನಮ್ಮ ಜಿಲ್ಲೆಯ ಕುಣಿಗಲ್ಲಿನಲ್ಲಿ ಟಿಪ್ಪು ಕಾಲದ ಕುದುರೆ ಫಾರಂ ಇದೆ. ಅಲ್ಲಿ ಹುಟ್ಟುವ ರೇಸ್ ಕುದುರೆಗೆ ಡಾಕ್ಟರು, ಲಾಯ, ವಂಶಾವಳಿ ಎಲ್ಲಾ ಇರುತ್ತದೆ. ಮೆರವಣಿಗೆ ಕುದುರೆಗೆ ಇರುವುದು ಆ ಹುಡುಗನೊಬ್ಬನೇ.

ನಾನು ಕೇಳುವುದು ಸ್ವಲ್ಪವೇ. ಕಲ್ಯಾಣ ಮಂಟಪದವರು ಕಾರು ನಿಲ್ಲಿಸಲು ಅಷ್ಟು ಜಾಗ ಬಿಡುತ್ತಾರೆ, ಒಂದು ಮರದ ನೆರಳು ಕುದುರೆಗೆ ಬಿಡಲಿ, ಅಲ್ಲೊಂದು ಬಕೆಟ್ ಇಡಲಿ. ಫೋಟೋ ಬೇಕಾದರೆ ಮೆರವಣಿಗೆ ಮುಗಿದ ಕೂಡಲೇ ತೆಗೆಸಿಕೊಂಡು ಕಳಿಸಲಿ. ಪಟಾಕಿ ಹಚ್ಚಲೇಬೇಕಾದರೆ ವರ ಇಳಿದು, ಕುದುರೆ ಆಚೆ ಹೋದ ಮೇಲೆ ಹಚ್ಚಲಿ. ಮದುವೆ ಮನೆಯ ಹಿರಿಯರು ಒಬ್ಬರು ಇದನ್ನು ಬಾಯಿಬಿಟ್ಟು ಹೇಳಿದರೆ ಸಾಕು. ವಾಲಗದವರಿಗೆ ಊಟ ಆಯ್ತಾ ಅಂತ ಕೇಳುವುದಿಲ್ಲವೇ, ಹಾಗೆ.

ಮುಂದಿನ ತಿಂಗಳು ನಮ್ಮ ಮನೆಯಲ್ಲೇ ಒಂದು ಮದುವೆ ಇದೆ, ನನ್ನ ತಮ್ಮನ ಮಗನದು. ಹುಡುಗನಿಗೆ ಕುದುರೆ ಬೇಕೇ ಬೇಕಂತೆ. ಬೈಗಿನ ಹೊತ್ತು ಇಟ್ಟುಕೊಳ್ಳಿ, ಪಟಾಕಿ ಬೇಡ, ಟೆಂಪೋ ಬೇಡ ಅಂತ ಒಪ್ಪಿಸಿದ್ದೇನೆ. ಬಕೆಟ್ಟಿನ ಜವಾಬ್ದಾರಿ ಮೊಮ್ಮಗನದು, ಅದಕ್ಕೇ ಅಂತ ಬೆಂಗಳೂರಿನಿಂದ ಎರಡು ದಿನ ಮುಂಚೆ ಬರುತ್ತಾನಂತೆ. ಮೊನ್ನೆ ಕುದುರೆಯವರಿಗೆ ಫೋನ್ ಮಾಡಿ ಅಡ್ವಾನ್ಸ್ ವಿಷಯ ಮಾತಾಡಿದ ಮೇಲೆ ಕುದುರೆಯ ಹೆಸರೇನು ಅಂತ ಕೇಳಿದೆ. ಆ ಕಡೆ ಸ್ವಲ್ಪ ಹೊತ್ತು ದನಿಯೇ ಇಲ್ಲ.

"ರಾಣಿ ಅಂತ ಅಮ್ಮಾ" ಅಂದರು. "ಯಾಕೆ, ಫ್ಲೆಕ್ಸಿಗೆ ಹಾಕಿಸ್ತೀರಾ?"

ಇಂತಿ,
ನಿವೃತ್ತ ಟೆಲಿಫೋನ್ ಆಪರೇಟರ್,
ಹೊರಪೇಟೆ, ತುಮಕೂರು