ಯಾವ ಸಾಫ್ಟ್‌ವೇರ್ ಅಂತ ಕೇಳಿದ್ದೆಯಲ್ಲ

ಚಿರಂಜೀವಿ ಕಿಟ್ಟಿಗೆ ಅತ್ತೆಯ ಆಶೀರ್ವಾದಗಳು.

ಭಾನುವಾರ ಫೋನಿನಲ್ಲಿ ನೀನು ಕೇಳಿದ್ದು ಒಂದೇ ಪ್ರಶ್ನೆ, ಕ್ಲಿನಿಕ್ಕಿನಲ್ಲಿ ರೋಗಿಗಳ ದಾಖಲೆ ಇಡೋದಕ್ಕೆ ಯಾವ ಸಾಫ್ಟ್‌ವೇರ್ ತಗೊಳ್ಳಲಿ ಅಂತ. ಮನೆ ತುಂಬ ನೆಂಟರಿದ್ದರು, ಆಮೇಲೆ ಬರೀತೀನಿ ಅಂದೆ. ನಿಜ ಹೇಳಬೇಕಂದರೆ ಇಂಥದ್ದೇ ತಗೋ ಅನ್ನುವಷ್ಟು ನನಗೆ ಗೊತ್ತಿಲ್ಲ ಕಣೋ. ಆದರೆ ತಿಪಟೂರಿನಲ್ಲಿ ಕ್ಲಿನಿಕ್ ತೆರೆಯುವ ಮೊದಲು ನೀನು ಕೇಳಬೇಕಿದ್ದ ಬೇರೆ ಪ್ರಶ್ನೆಗಳಿವೆ. ಅವಕ್ಕೆ ಉತ್ತರ ನನ್ನ ಹತ್ತಿರ ಇದೆ, ದುಡ್ಡು ಕಳೆದುಕೊಂಡು ಕಲಿತದ್ದು.

ಇಲ್ಲಿ ಹಾಸನದ ಕ್ಲಿನಿಕ್ಕಿಗೆ ಕಂಪ್ಯೂಟರ್ ಬಂದ ವರ್ಷ ಹಳೇ ಫೈಲುಗಳನ್ನೆಲ್ಲ ಟೈಪ್ ಮಾಡಿಸಿದೆ. ಡಿಗ್ರಿ ಓದುತ್ತಿದ್ದ ಹುಡುಗಿ, ಚುರುಕು, ಒಂದಕ್ಷರ ತಪ್ಪಿಲ್ಲ. ಪೆನಿಸಿಲಿನ್ ಆಗದವರ ಫೈಲಿನ ಮೇಲೆ ನಾನು ಕೆಂಪು ಇಂಕಿನಲ್ಲಿ ಎರಡು ಗೀಟು ಎಳೆಯುತ್ತಿದ್ದೆ. ಅಷ್ಟೇ, ಏನೂ ಬರೆಯುತ್ತಿರಲಿಲ್ಲ, ನನಗೆ ಗೊತ್ತಲ್ಲ ಅಂತ. ಗೀಟನ್ನು ಹೇಗೆ ಟೈಪ್ ಮಾಡೋದು? ಅವಳು ಬಿಟ್ಟಳು. ಎರಡು ತಿಂಗಳಾದ ಮೇಲೆ ಒಬ್ಬ ಅಜ್ಜಿ ಗಂಟಲು ನೋವು ಅಂತ ಬಂದರು. ಸ್ಕ್ರೀನ್ ನೋಡಿಕೊಂಡೇ ಅಮಾಕ್ಸಿಸಿಲಿನ್ ಬರೆದು ಪ್ರಿಂಟ್ ಕೊಟ್ಟೆ, ಅದೂ ಪೆನಿಸಿಲಿನ್ ಜಾತಿಯದೇ. ಅಜ್ಜಿ ಆ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, 'ಅವ್ವಾ, ನನ್ ಫೈಲ್ ಮ್ಯಾಲೆ ಕೆಂಪು ಗೀಟು ಇರ್ತಿತ್ತಲ್ಲ, ಈಗ ಬ್ಯಾಡ್ವಾ?' ಅಂದರು. ಓದು ಬಾರದ ಹೆಂಗಸು. ನನ್ನ ಕೈ ತಣ್ಣಗಾಯಿತು. ಅವತ್ತು ಮಧ್ಯಾಹ್ನ ಊಟಕ್ಕೆ ಹೋಗದೆ ಹಳೇ ಫೈಲುಗಳನ್ನೆಲ್ಲ ಮತ್ತೆ ಇಳಿಸಿ ಗೀಟು ಹುಡುಕುತ್ತ ಕೂತೆ.

ಹುಡುಗಿಯದ್ದೇನೂ ತಪ್ಪಿಲ್ಲ, ನಾನು ನನಗೊಬ್ಬಳಿಗೇ ಅರ್ಥವಾಗುವ ಹಾಗೆ ಬರೆದಿದ್ದೆ. ಅದಕ್ಕೇ ಹೇಳೋದು, ನಿಮ್ಮಪ್ಪನ ಹಳೇ ಫೈಲುಗಳನ್ನೆಲ್ಲ ಒಂದೇ ಸಲ ಸ್ಕ್ಯಾನ್ ಮಾಡಿಸುವ ಗುತ್ತಿಗೆ ಯಾರಿಗೂ ಕೊಡಬೇಡ. ಆ ರೋಗಿ ಬಂದ ದಿನ ಫೈಲು ಇಳಿಸು, ಆಗದ ಔಷಧಿ, ನಡೀತಿರುವ ಮಾತ್ರೆ, ದೊಡ್ಡ ಕಾಯಿಲೆ, ಆಪರೇಷನ್, ಇಷ್ಟನ್ನು ಅವರನ್ನೇ ಕೇಳಿಕೊಂಡು ನೀನೇ ತುಂಬು. ನಾಲ್ಕು ನಿಮಿಷ ಆಗುತ್ತೆ. ಉಳಿದದ್ದು ಬೀರುವಿನಲ್ಲಿ ಇರಲಿ.

ಇನ್ನು ಸಾಫ್ಟ್‌ವೇರ್ ಮಾರುವ ಹುಡುಗ ಬಂದರೆ ಬಣ್ಣ ಬಣ್ಣದ ಗ್ರಾಫ್ ತೋರಿಸ್ತಾನೆ. ಅದು ಬಿಡು. 'ನಾಳೆ ನಾನು ನಿಮ್ಮನ್ನು ಬಿಟ್ಟರೆ ನನ್ನ ರೋಗಿಗಳ ದಾಖಲೆ ಹೇಗೆ ಕೊಡ್ತೀರಿ, ಈಗಲೇ ಹತ್ತು ಜನರದ್ದು ತೆಗೆದು ಪೆನ್‌ಡ್ರೈವಿಗೆ ಹಾಕಿ ತೋರಿಸಿ' ಅನ್ನು. ನನ್ನ ಮೊದಲನೇ ಕಂಪನಿ ಮೂರು ವರ್ಷಕ್ಕೆ ಬಾಗಿಲು ಹಾಕಿತು, ಹೋಗುವಾಗ ಕೈಗೆ ಕೊಟ್ಟದ್ದು ಸಾವಿರಾರು ಪುಟದ ಪಿಡಿಎಫ್. ಅದರಲ್ಲಿ ಹೆಸರು ಹುಡುಕಿದರೂ ಸಿಗಲ್ಲ. ಎರಡನೆಯದಕ್ಕೆ ಮತ್ತೆ ಮೊದಲಿಂದ ತುಂಬಿದ್ದಾಯಿತು. ಬ್ಯಾಕಪ್ ಬಗ್ಗೆಯೂ ಕೇಳು. 2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್‌ನ ಸರ್ವರ್‌ಗಳ ಮೇಲೆ ಸೈಬರ್ ದಾಳಿ ಆಗಿ ಅಷ್ಟು ದೊಡ್ಡ ಆಸ್ಪತ್ರೆ ದಿನಗಟ್ಟಲೆ ಕೈಬರಹಕ್ಕೆ ಇಳಿದಿತ್ತು, ನೆನಪಿದೆಯಾ? ಕೊಬ್ಬರಿ ಹರಾಜಿನ ದಿನ ಜನ ಗಿಜಿಗಿಜಿ ಅನ್ನುವಾಗ ನಿನ್ನ ನೆಟ್ ಹೋದರೆ ಅದೇ ಕಥೆ. ಮೇಜಿನಲ್ಲಿ ಕಾರ್ಬನ್ ಹಾಳೆಯ ಒಂದು ಚೀಟಿ ಪುಸ್ತಕ ಯಾವಾಗಲೂ ಇರಲಿ.

ಪಾಸ್‌ವರ್ಡ್ ಅನ್ನು ಮಾನಿಟರ್‌ಗೆ ಅಂಟಿಸಬೇಡ ಅಂತ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ. ಹೇಳಿದೆ. ರಿಸೆಪ್ಷನ್‌ಗೆ ಬೇರೆ ಲಾಗಿನ್, ನಿನಗೆ ಬೇರೆ. ರಿಪೋರ್ಟಿನ ಫೋಟೋ ಡಾಕ್ಟರ್‌ಗಳ ವಾಟ್ಸಾಪ್ ಗುಂಪಿಗೆ ಹಾಕುವಾಗ ಹೆಸರು ಮುಚ್ಚದೆ ಹಾಕ್ತೀರಲ್ಲ ಈಗಿನವರು, ಅದು ಸುಮ್ನೆ ಕೆಟ್ಟ ಚಾಳಿ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಗೇ ಒಂದು ಕಾಯ್ದೆ ಬಂದಿದೆ, ದಂಡ 250 ಕೋಟಿವರೆಗೆ ಹೋಗಬಹುದು. ನಿನ್ನಂಥವನಿಗೆ ಅಷ್ಟು ಹಾಕಲ್ಲ ಬಿಡು, ಆದರೆ ಸಣ್ಣ ಊರಿನಲ್ಲಿ ಒಂದು ಹುಡುಗಿಯ ರಿಪೋರ್ಟ್ ಹೊರಗೆ ಹೋದರೆ ಆಗುವ ಅನಾಹುತಕ್ಕೆ ದಂಡ ಕಟ್ಟಿ ಪ್ರಯೋಜನ ಏನು?

ಸರ್ಕಾರದ ಕಾಗದಗಳಲ್ಲಿ ಮೊದಲನೆಯದು ಕೆಪಿಎಂಇ, ಅಂದರೆ ಖಾಸಗಿ ಕ್ಲಿನಿಕ್, ಆಸ್ಪತ್ರೆಗಳ ನೋಂದಣಿಗೆ ಕರ್ನಾಟಕದ ಕಾಯ್ದೆ, 2007ರದ್ದು. ನೋಂದಣಿ ಐದು ವರ್ಷಕ್ಕೆ, ಮುಗಿಯುವ ತಾರೀಖನ್ನು ಕ್ಯಾಲೆಂಡರ್‌ನಲ್ಲಿ ಈಗಲೇ ಬರೆದಿಡು. ಸರ್ಟಿಫಿಕೇಟು, ಫೀಸಿನ ಪಟ್ಟಿ ಎರಡೂ ಜನಕ್ಕೆ ಕಾಣುವ ಗೋಡೆಗೆ ಹಾಕು, ಕುಂಡದ ಹಿಂದೆ ಅಲ್ಲ. ಆಮೇಲೆ ಕಸ. 2016ರ ವೈದ್ಯಕೀಯ ತ್ಯಾಜ್ಯ ನಿಯಮದಲ್ಲಿ ಸೂಜಿಗೆ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿ, ಸೂಜಿ ತೆಗೆದ ಸಿರಿಂಜು ಮತ್ತು ಪ್ಲಾಸ್ಟಿಕ್ ನಳಿಕೆಗೆ ಕೆಂಪು, ರಕ್ತ ಮೆತ್ತಿದ ಹತ್ತಿಗೆ ಹಳದಿ, ಗಾಜಿಗೆ ನೀಲಿ. ಹಳದಿ ಚೀಲವನ್ನಂತೂ 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳೋ ಹಾಗಿಲ್ಲ. ಗಾಡಿಯವನು ಬರದ ದಿನ ಫೋನ್ ಮಾಡು, ಮಾಡಿದ್ದನ್ನು ಬರೆದಿಡು. ಟಿಬಿ ಕಂಡರೆ ಸರ್ಕಾರದ ಟಿಬಿ ಪೋರ್ಟಲ್ ನಿಕ್ಷಯ್‌ನಲ್ಲಿ ದಾಖಲಿಸುವುದನ್ನೂ ಮರೀಬೇಡ, ಅದು ಖಾಸಗಿಯವರಿಗೂ ಕಡ್ಡಾಯ.

ನಿನ್ನ ಹೆಂಡತಿ ಸ್ಕ್ಯಾನ್ ಮಿಷನ್ ಹಾಕುವ ಯೋಚನೆಯಲ್ಲಿದ್ದಾಳಲ್ಲ, ಈ ಭಾಗ ಅವಳಿಗೂ ಓದಿಸು. ಭ್ರೂಣದ ಲಿಂಗ ಪತ್ತೆ ತಡೆಯುವ ಕಾಯ್ದೆಯ ಪ್ರಕಾರ ಗರ್ಭಿಣಿಯ ಸ್ಕ್ಯಾನ್ ಒಂದಕ್ಕೆ ಒಂದು ಎಫ್ ಫಾರಂ. ತಿಂಗಳ ವರದಿ ಮುಂದಿನ ತಿಂಗಳ 5ನೇ ತಾರೀಖಿನೊಳಗೆ ಹೋಗಬೇಕು, ದಾಖಲೆ ಎರಡು ವರ್ಷ ಇಡಬೇಕು. ಕಾಲಂ ಖಾಲಿ ಬಿಟ್ಟರೆ 'ಅದು ಬರೀ ಕ್ಲರಿಕಲ್ ತಪ್ಪು' ಅನ್ನುವ ಮಾತು ನಡೆಯಲ್ಲ, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟ ಮಾಡಿದೆ. ನನ್ನಲ್ಲಿ ಒಮ್ಮೆ ತಪಾಸಣೆಗೆ ಬಂದವರು ನೂರಾರು ಫಾರಂ ಸರಿ ಇದ್ದರೂ ಯಾರು ಕಳಿಸಿದರು ಅನ್ನುವ ಕಾಲಂ ಖಾಲಿ ಇದ್ದ ಮೂರನ್ನು ಎತ್ತಿ ಮೇಜಿನ ಮೇಲಿಟ್ಟರು. ಸಂಜೆ ಒಟ್ಟಿಗೆ ತುಂಬೋಣ ಅಂತ ಬಿಟ್ಟವು ಅವು. ಆಮೇಲೆ ವಿವರಣೆ, ಓಡಾಟ, ಮೂರು ತಿಂಗಳ ನಿದ್ದೆ ಹೋಯಿತು. ಈಗ ಫಾರಂ ಪೂರ್ತಿ ಆಗದೆ ಸ್ಕ್ಯಾನ್ ಮಿಷನ್ನಿನ ಪ್ರೋಬ್ ಮುಟ್ಟಲ್ಲ. ಹೆಣ್ಣುಮಕ್ಕಳು ಹುಟ್ಟಲಿ ಅಂತ ಮಾಡಿದ ಕಾಯ್ದೆ, ಅದರ ಮೇಲೆ ನನಗೆ ಸಿಟ್ಟಿಲ್ಲ. ನನ್ನ ಸೋಮಾರಿತನದ ಮೇಲೆ ಇದೆ.

ಇನ್ನು ಆಭಾ ನಂಬರ್, ಅಂದರೆ ರೋಗಿಯ ದಾಖಲೆಗಳನ್ನು ಜೋಡಿಸುವ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆಯ ನಂಬರ್. 14 ಅಂಕಿಯದು. ಮಾಡಿಸಿಕೊಳ್ಳುವುದು ರೋಗಿಯ ಇಷ್ಟ, ಒಳ್ಳೆಯದೇ, ನಾಳೆ ಅವರು ಬೆಂಗಳೂರಿಗೆ ಹೋದರೆ ಅಲ್ಲಿನವರಿಗೆ ಇಲ್ಲಿಯದು ಸಿಗಬಹುದು. ಆದರೆ ಆ ನಂಬರ್ ಇಲ್ಲ ಅಂತ ರಿಸೆಪ್ಷನ್‌ನವರು ಯಾರನ್ನೂ ವಾಪಸ್ ಕಳಿಸದ ಹಾಗೆ ನೋಡಿಕೋ. ದಾಖಲೆ ಕೇಳಿದರೆ ಮುಖ ಗಂಟು ಹಾಕಬೇಡ, 72 ಗಂಟೆಯೊಳಗೆ ಕೊಡಬೇಕು ಅಂತ 2002ರಿಂದಲೇ ನಮ್ಮ ಮೆಡಿಕಲ್ ಕೌನ್ಸಿಲ್ ನಿಯಮದಲ್ಲಿದೆ.

ಇನ್ನೊಂದು. ಮಾನಿಟರನ್ನು ನಿನಗೂ ರೋಗಿಗೂ ಮಧ್ಯೆ ಇಡಬೇಡ, ಪಕ್ಕಕ್ಕೆ ಇಡು, ಅವರಿಗೂ ಕಾಣುವ ಹಾಗೆ. ನೀನು ತಪ್ಪು ಟೈಪ್ ಮಾಡಿದರೆ ಅವರೇ ಹೇಳ್ತಾರೆ, ಅಲ್ವಾ?

ಬರುವ ವಾರ ಬರ್ತೀಯಂತಲ್ಲ, ಆ ಕಂಪನಿಯ ಕೊಟೇಷನ್ ತಗೊಂಡು ಬಾ. ಕೆಂಪು ಪೆನ್ನು ಇನ್ನೂ ಇಟ್ಟುಕೊಂಡಿದ್ದೇನೆ, ಕೂತು ಗೀಟು ಹಾಕೋಣ.

ನಿನ್ನ ಅತ್ತೆ